ಹತ್ತು ಗುಂಟೆ ಪಾಲಿಹೌಸ್, ಎಂಟು ಲೋಡು ಗೊಬ್ಬರ: ಒಂದು ಪ್ರಕರಣ ಅಧ್ಯಯನ

ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲಿ ನಮ್ಮ ಚಿಕ್ಕಪ್ಪನ ಜಮೀನಿದೆ. ಅದರಲ್ಲಿ 10 ಗುಂಟೆಗೆ ಪಾಲಿಹೌಸ್, ಅಂದರೆ ಬೆಳೆ ಬೆಳೆಯುವ ಪ್ಲಾಸ್ಟಿಕ್ ಮನೆ, ಹಾಕಿಸಿದ್ದಾರೆ. ಮೊದಲ ಬೆಳೆ ಬಣ್ಣದ ದಪ್ಪ ಮೆಣಸಿನಕಾಯಿ. ಆ ಬೆಳೆ ಕೈಕೊಟ್ಟಿತು. ಪೂರ್ತಿ ಹಾಳಾಗಲಿಲ್ಲ, ಆದರೆ ಬ್ಯಾಂಕಿನ ಕಂತಿಗೆ ಸಾಲುವಷ್ಟೂ ಬರಲಿಲ್ಲ. ಬೀಜ ಸರಿ ಇಲ್ಲ ಅಂದರು ಒಬ್ಬರು. ಶೀಟು ಸರಿ ಇಲ್ಲ ಅಂದರು ಇನ್ನೊಬ್ಬರು. ದೃಷ್ಟಿ ತಗುಲಿದೆ ಅಂತ ಒಬ್ಬರು ಬೂದುಗುಂಬಳಕಾಯಿ ಕಟ್ಟಿಸಿದರು. ಕಾರಣ ಹುಡುಕುತ್ತಾ ಹುಡುಕುತ್ತಾ ನಾವು ಬಂದು ನಿಂತಿದ್ದು ಯಾರೂ ಅನುಮಾನಪಡದ ಜಾಗದಲ್ಲಿ. ಅದೇ ಕೊಟ್ಟಿಗೆ ಗೊಬ್ಬರ.

ಗೊಬ್ಬರದ ಮೇಲೆ ತಪ್ಪು ಹೊರಿಸೋದು ಅಷ್ಟು ಸುಲಭ ಅಲ್ಲ. ನಮ್ಮ ಕಡೆ ಗೊಬ್ಬರ ಹೊಡೆಸಿದವನು ಒಳ್ಳೆ ರೈತ, ಹೊಡೆಸದವನು ಸೋಮಾರಿ. ಗೊಬ್ಬರ ಜಾಸ್ತಿ ಆಯ್ತು ಅಂತ ಯಾರಾದರೂ ಗೊಣಗಿದ್ದನ್ನು ನಾನು ಕೇಳಿಲ್ಲ. ಬಯಲು ಹೊಲದ ಮಟ್ಟಿಗೆ ಆ ಮಾತು ಸರಿಯೂ ಹೌದು. ಪಾಲಿಹೌಸಿನಲ್ಲಿ ಒಂದು ಸಣ್ಣ ವ್ಯತ್ಯಾಸ ಇದೆ. ಅಲ್ಲಿ ಮಳೆ ಬರುವುದಿಲ್ಲ. ಈ ಪ್ರಕರಣದ ಮುಕ್ಕಾಲು ಭಾಗ ಆ ಒಂದು ಮಾತಿನಲ್ಲೇ ಇದೆ.

ಮೊದಲು ನಡೆದದ್ದನ್ನು ಹೇಳುತ್ತೇನೆ.

ಪಾಲಿಹೌಸಿನ ಒಳಗೆ ಸುಮಾರು 1,000 ಚದರ ಮೀಟರ್ ಜಾಗ. ಕೆಂಪು ಮಣ್ಣು, ಹಿಂದೆ ರಾಗಿ, ಜೋಳ ಬೆಳೆದ ನೆಲ. ಮಣ್ಣಿನಲ್ಲಿ ಸತ್ವ ಕಡಿಮೆ ಅಂತ ಪರೀಕ್ಷೆಯ ಚೀಟಿಯಲ್ಲೇ ಬಂದಿತ್ತು. ಪಾಲಿಹೌಸ್ ಕೈಪಿಡಿಗಳಲ್ಲಿ ದಪ್ಪ ಮೆಣಸಿನಕಾಯಿಗೆ ಚದರ ಮೀಟರಿಗೆ 20ರಿಂದ 25 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ ಅಂತ ಇರುತ್ತದೆ. ಚಿಕ್ಕಪ್ಪ ಅದನ್ನು ಓದಿದ್ದರು. 20 ಕಿಲೋ ಅಂದರೆ 20 ಟನ್. ಮನೆಯ ಎರಡು ಹಸುವಿನ ತಿಪ್ಪೆ ಯಾವ ಮೂಲೆಗೂ ಸಾಲದು. ಹೊರಗಿನಿಂದ ಎಂಟು ಟ್ರ್ಯಾಕ್ಟರ್ ಲೋಡು ತರಿಸಿದರು. ಲೋಡಿಗೆ ಎರಡೂವರೆ ಟನ್ ಲೆಕ್ಕ ಹಿಡಿದರೆ ಸರಿಯಾಗಿ 20 ಟನ್.

ಲೆಕ್ಕ ಸರಿಯಾಗಿತ್ತು. ವಾಕ್ಯದ ನಡುವೆ ಇದ್ದ 'ಚೆನ್ನಾಗಿ ಕಳಿತ' ಅನ್ನುವ ಎರಡು ಪದ ಮಾತ್ರ ಎಲ್ಲೋ ಬಿದ್ದುಹೋದವು.

ಜುಲೈನಲ್ಲಿ ಲೋಡು ಇಳಿಯುವಾಗ ನಾನು ಅಲ್ಲೇ ಇದ್ದೆ. ಹುಲ್ಲು ಹುಲ್ಲಾಗಿಯೇ ಕಾಣುತ್ತಿತ್ತು. ಸಗಣಿ ಗಟ್ಟಿಗಟ್ಟಿ ಹೆಂಟೆ. ಗುದ್ದಲಿ ಹಾಕಿದರೆ ಒಳಗಿನಿಂದ ಹಬೆ. ಚಿಕ್ಕಮ್ಮ ಬಂದು ಒಂದು ಹಿಡಿ ಎತ್ತಿ ಮೂಸಿ ನೋಡಿದರು. "ಇದಿನ್ನೂ ಹಸಿ ಕಣ್ರೀ. ಎರಡು ತಿಂಗಳು ಬಿಡಬೇಕು" ಅಂದರು. ಚಿಕ್ಕಪ್ಪ ಸಸಿಗೆ ಆಗಲೇ ಮುಂಗಡ ಕೊಟ್ಟಿದ್ದರು. ನರ್ಸರಿಯವರು ಆಗಸ್ಟ್ ಮೊದಲ ವಾರ ಟ್ರೇ ಎತ್ತಿಕೊಳ್ಳಿ ಅಂತ ಹೇಳಿಯಾಗಿತ್ತು. "ಮಣ್ಣಲ್ಲಿ ಸೇರಿದ್ಮೇಲೆ ಅದೇ ಕಳಿಯುತ್ತೆ ಬಿಡು" ಅಂದುಬಿಟ್ಟರು. ನಾನೂ ತಲೆಯಾಡಿಸಿದೆ. ಬಯಲು ಹೊಲದಲ್ಲಿ ನಾವು ಮಾಡುವುದೂ ಅದನ್ನೇ ಅಲ್ವಾ? ಮುಂಗಾರಿಗೆ ಮೊದಲು ಗೊಬ್ಬರ ಚೆಲ್ಲುತ್ತೇವೆ, ಉಳುತ್ತೇವೆ, ಮಳೆ ಬೀಳುತ್ತದೆ, ಉಳಿದದ್ದನ್ನು ಮಳೆ ನೋಡಿಕೊಳ್ಳುತ್ತದೆ.

ಗೊಬ್ಬರ ಚೆಲ್ಲಿ, ರೋಟವೇಟರ್ ಹೊಡೆಸಿ, ಏರುಮಡಿ ಮಾಡಿದರು. ಒಂದು ಮೀಟರ್ ಅಗಲದ ಮಡಿ, ನಡುವೆ ಅರ್ಧ ಮೀಟರ್ ಓಡಾಡುವ ದಾರಿ. ಒಟ್ಟು 20 ಮಡಿ, ಒಂದೊಂದೂ 30 ಮೀಟರ್ ಉದ್ದ. ಗೊಬ್ಬರ 18 ಮಡಿಗೇ ಮುಗಿಯಿತು. ಕೊನೆಯ ಎರಡು ಮಡಿಗೆ ಏನೂ ಇಲ್ಲ. ಇನ್ನೊಂದು ಲೋಡು ತರಿಸೋಣ ಅಂತ ಎರಡು ದಿನ ಮಾತಾಡಿ, ದುಡ್ಡು ಸಾಲದೆ ಬಿಟ್ಟೆವು. ಆ ಬಡ ಮಡಿ ಎರಡೂ ಇಲ್ಲದಿದ್ದರೆ ಈ ಪ್ರಕರಣ ಬರೆಯುವುದಕ್ಕೇ ಆಗುತ್ತಿರಲಿಲ್ಲ.

ಇಲ್ಲೇ ಒಂದು ವಿಷಯ ಹೇಳಿಬಿಡಬೇಕು. ನಮಗೆ ತಡವಾಗಿ ಹೊಳೆದದ್ದು ಇದು. ಗೊಬ್ಬರವನ್ನು ಮಡಿಯ ಜಾಗ, ದಾರಿಯ ಜಾಗ ಅನ್ನದೆ ಚೆಲ್ಲಿದೆವು. ಆಮೇಲೆ ದಾರಿಯ ಮಣ್ಣನ್ನು ಎಳೆದು ಮಡಿಗೆ ಹಾಕಿದೆವು. ಅಂದರೆ ದಾರಿಗೆ ಬಿದ್ದ ಗೊಬ್ಬರವೂ ಮಡಿಗೇ ಸೇರಿತು. 18 ಮಡಿಯ ಮೇಲ್ಭಾಗ 540 ಚದರ ಮೀಟರ್. 20 ಟನ್ ಅಷ್ಟಕ್ಕೇ ಹಂಚಿದರೆ ಚದರ ಮೀಟರಿಗೆ 37 ಕಿಲೋ. ಕಾಗದದ ಮೇಲೆ ಇಪ್ಪತ್ತು ಚಿಲ್ಲರೆ, ಬೇರಿನ ಹತ್ತಿರ ಮೂವತ್ತೇಳು.

ಮಡಿಯ ಮೇಲೆ ಡ್ರಿಪ್ ಎಳೆದು, ಮಲ್ಚಿಂಗ್ ಶೀಟ್ (ಮಣ್ಣು ಮುಚ್ಚುವ ಪ್ಲಾಸ್ಟಿಕ್ ಹಾಳೆ) ಹೊದಿಸಿ, ತೂತು ಮಾಡಿ, 2,600 ಚಿಲ್ಲರೆ ಸಸಿ ನೆಟ್ಟೆವು.

ಮೊದಲ ಮೂರು ವಾರ

ನೆಟ್ಟ ಐದನೇ ದಿನ ಚಿಕ್ಕಮ್ಮ ಫೋನ್ ಮಾಡಿದರು. ಬೆಳಗ್ಗೆ ಬಾಗಿಲು ತೆಗೆದರೆ ಕಣ್ಣು ಉರಿಯುತ್ತಂತೆ. ವಾರವಿಡೀ ಗಾಳಿ ಮಳೆ ಇತ್ತು, ಪಕ್ಕದ ಪರದೆಗಳನ್ನು ಇಳಿಸಿಯೇ ಇಟ್ಟಿದ್ದರು. ಹೋಗಿ ನೋಡಿದರೆ ಗಂಜಲದ ಘಾಟು. ಸಸಿಗಳ ಎಲೆಯಂಚು ಸುಟ್ಟ ಹಾಗೆ ಕಂದು. ಕೆಲವು ಸಸಿ ಬುಡದಲ್ಲೇ ಬಾಗಿದ್ದವು. ಕಿತ್ತು ನೋಡಿದರೆ ಬೇರಿನ ತುದಿ ಬೆಳ್ಳಗಿರಬೇಕಾದದ್ದು ಚಹಾ ಬಣ್ಣ.

ಆಗಿದ್ದು ಇಷ್ಟು. ಹಸಿ ಗೊಬ್ಬರದಲ್ಲಿ, ಅದರಲ್ಲೂ ಗಂಜಲ ಕುಡಿದ ಹುಲ್ಲಿನಲ್ಲಿ, ಸಾರಜನಕ ಬೇಗ ಅಮೋನಿಯಾ ಆಗಿ ಹೊರಗೆ ಬರುತ್ತದೆ. ಬಯಲಿನಲ್ಲಿ ಗಾಳಿಗೆ ಹಾರಿಹೋಗುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಇಲ್ಲಿ ಮೇಲೆ ಪಾಲಿಥಿನ್ ಚಾವಣಿ, ಪಕ್ಕದಲ್ಲಿ ಪರದೆ, ಮಡಿಯ ಮೇಲೆ ಮಲ್ಚಿಂಗ್ ಶೀಟ್. ಶೀಟಿನ ಕೆಳಗೆ ಹುಟ್ಟಿದ ಆವಿಗೆ ಹೊರಗೆ ಬರಲು ಇದ್ದ ದಾರಿ ಒಂದೇ, ನಾವು ಸಸಿ ನೆಟ್ಟ ತೂತು. ಒಂದೊಂದು ಸಸಿಯನ್ನೂ ಒಂದೊಂದು ಚಿಮಣಿಯ ಬಾಯಲ್ಲಿ ಕೂರಿಸಿದ ಹಾಗಾಗಿತ್ತು. ಜೊತೆಗೆ ಕಳಿಯುವ ಗೊಬ್ಬರದ ಬಿಸಿ. ಮಡಿಯೊಳಗೆ ಬೆರಳಿಟ್ಟರೆ ದಾರಿಯ ಮಣ್ಣಿಗಿಂತ ಬೆಚ್ಚಗಿತ್ತು.

ಕೊನೆಯ ಎರಡು ಮಡಿಯಲ್ಲಿ ಒಂದು ಸಸಿಯೂ ಸತ್ತಿರಲಿಲ್ಲ. ಎಲೆ ಸ್ವಲ್ಪ ತೆಳು ಹಸಿರು, ಅಷ್ಟೇ.

ಪರದೆ ಎತ್ತಿದೆವು, ಶೀಟನ್ನು ಬುಡದಲ್ಲಿ ಅಗಲ ಮಾಡಿ ಕತ್ತರಿಸಿದೆವು, ನೀರು ಜಾಸ್ತಿ ಬಿಟ್ಟೆವು. ಸುಮಾರು 400 ಸಸಿ ಮತ್ತೆ ತಂದು ತೂತು ತುಂಬಿಸಿದೆವು. ಘಾಟು ಮೂರನೇ ವಾರಕ್ಕೆ ಇಳಿಯಿತು.

ಹೊಗಳಿಕೆಯ ತಿಂಗಳು

ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಚಿತ್ರವೇ ಬದಲಾಯಿತು. ಗೊಬ್ಬರದ ಮಡಿಗಳಲ್ಲಿ ಗಿಡ ಎದೆಯುಬ್ಬಿಸಿ ನಿಂತವು. ಎಲೆ ಅಂಗೈಯಗಲ, ಕಡು ಹಸಿರು. ಕಾಂಡ ಹೆಬ್ಬೆರಳು ಗಾತ್ರ. ಅಕ್ಕಪಕ್ಕದ ಊರಿನವರು ಬಂದು ನೋಡಿ ಫೋಟೊ ತೆಗೆದುಕೊಂಡು ಹೋದರು. ಗೊಬ್ಬರ ಇಲ್ಲದ ಎರಡು ಮಡಿ ಮಾತ್ರ ಮಲಮಕ್ಕಳ ಹಾಗೆ ಮೂಲೆಯಲ್ಲಿ ಕುಗ್ಗಿದ್ದವು. "ನೋಡ್ದಾ, ಗೊಬ್ಬರ ಅಂದ್ರೆ ಇದು" ಅಂದರು ಚಿಕ್ಕಪ್ಪ.

ಕಾಯಿ ಎಣಿಸಿದವರು ಯಾರೂ ಇಲ್ಲ. ಎಣಿಸಿದ್ದು ಆ ಎರಡು ಮಡಿಯಲ್ಲಿ ಕಾಯಿ ಮೊದಲು ಕಚ್ಚಿದಾಗ. ಗೊಬ್ಬರದ ಮಡಿಗಳಲ್ಲಿ ಹೂವು ಬರುತ್ತಿತ್ತು, ಉದುರುತ್ತಿತ್ತು. ಗಿಡಕ್ಕೆ ಎಲೆ ಬಿಡುವುದೇ ಸುಖವಾಗಿತ್ತು. ಆ ಮೆತ್ತನೆ ಚಿಗುರಿಗೆ ಥ್ರಿಪ್ಸ್ ಮತ್ತು ಮೈಟ್ ಅನ್ನುವ ರಸ ಹೀರುವ ಸಣ್ಣ ಹುಳುಗಳು ಬೇರೆ ಮುತ್ತಿದವು. ಔಷಧಿಯ ಖರ್ಚು ಏರಿತು.

ಈಗ ಲೆಕ್ಕ ಮಾಡೋಣ. ಆಗ ಮಾಡಬೇಕಿತ್ತು, ಮಾಡಲಿಲ್ಲ. ಕೊಟ್ಟಿಗೆ ಗೊಬ್ಬರದಲ್ಲಿ ಸಾಮಾನ್ಯವಾಗಿ 0.5 ಶೇಕಡಾ ಸಾರಜನಕ, 0.2 ಶೇಕಡಾ ರಂಜಕ, 0.5 ಶೇಕಡಾ ಪೊಟ್ಯಾಷ್ ಅಂತ ಹಿಡಿಯುತ್ತಾರೆ. ತುಂಬಾ ಕಡಿಮೆ ಅನಿಸುತ್ತದೆ. ಯೂರಿಯಾದಲ್ಲಿ 46 ಶೇಕಡಾ ಇರುವಾಗ ಇದೇನು ಮಹಾ? ಆದರೆ 20 ಟನ್ನಿನ ಅರ್ಧ ಶೇಕಡಾ ಅಂದರೆ 100 ಕಿಲೋ. ಆ ಸಾರಜನಕದಲ್ಲಿ ಮೊದಲ ಬೆಳೆಗೆ ಸಿಗುವುದು ಮೂರನೇ ಒಂದು ಪಾಲು ಅಂತ ಇಟ್ಟುಕೊಂಡರೂ 33 ಕಿಲೋ. ನಮ್ಮ ಕೈಯಲ್ಲಿದ್ದ ಸಲಹೆಗಾರರ ಪಟ್ಟಿಯಲ್ಲಿ 10 ಗುಂಟೆಗೆ ಇಡೀ ಬೆಳೆಗೆ ಬೇಕಾದ ಸಾರಜನಕವೇ 25 ಕಿಲೋ ದಾಟುತ್ತಿರಲಿಲ್ಲ. ಅಂದರೆ ಗಿಡಕ್ಕೆ ಬೇಕಾದದ್ದಕ್ಕಿಂತ ಜಾಸ್ತಿ ಆಗಲೇ ಮಣ್ಣಿನಲ್ಲಿ ಕೂತಿತ್ತು. ಅದರ ಮೇಲೆ ನಾವು ದಿನ ಬಿಟ್ಟು ದಿನ ಡ್ರಿಪ್ಪಿನಲ್ಲಿ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ಕರಗುವ ಗೊಬ್ಬರ) ಬಿಡುತ್ತಿದ್ದೆವು, ಪಟ್ಟಿಯಲ್ಲಿ ಹಾಗೆ ಬರೆದಿತ್ತಲ್ಲ. ಗೊಬ್ಬರ ಹಾಕಿದ್ದನ್ನು ಪಟ್ಟಿಯಿಂದ ಕಳೆಯಬೇಕು ಅಂತ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಕೊಟ್ಟಿಗೆ ಗೊಬ್ಬರ ಅಂದರೆ ಮಣ್ಣಿಗೆ, ಚೀಲದ ಗೊಬ್ಬರ ಅಂದರೆ ಗಿಡಕ್ಕೆ ಅನ್ನುವ ಭಾವನೆ ನಮ್ಮದು. ಬೇರಿಗೆ ಆ ಭೇದ ಗೊತ್ತಿಲ್ಲ.

ಕಾಯಿಯ ಕಪ್ಪು ತುದಿ

ನವೆಂಬರಿನಲ್ಲಿ ಕಾಯಿ ಬಣ್ಣ ತಿರುಗುವ ಹೊತ್ತಿಗೆ ಹೊಸ ತಲೆನೋವು. ಕಾಯಿಯ ತುದಿಯಲ್ಲಿ ನೀರು ಹಿಡಿದ ಹಾಗೆ ಮಚ್ಚೆ, ಆಮೇಲೆ ಅದು ಒಣಗಿ ಕಪ್ಪಾಗಿ ಒಳಗೆ ಕುಗ್ಗುವುದು. ಬಣ್ಣದ ಕಾಯಿಗೆ ಇರುವುದೇ ಅಂದಕ್ಕೆ ಬೆಲೆ. ತುದಿ ಕಪ್ಪಾದರೆ ಮಂಡಿಯವರು ಕ್ರೇಟು ಪಕ್ಕಕ್ಕೆ ಎತ್ತಿಡುತ್ತಾರೆ.

ಇದು ರೋಗ ಅಲ್ಲ, ಕಾಯಿಗೆ ಕ್ಯಾಲ್ಸಿಯಂ ಸಾಲದೆ ಬರುವ ತೊಂದರೆ. ಕ್ಯಾಲ್ಸಿಯಂ ನೈಟ್ರೇಟ್ ಸಿಂಪಡಿಸಿ ಅಂದರು. ಸಿಂಪಡಿಸಿದೆವು. ಅಷ್ಟೇನೂ ತಗ್ಗಲಿಲ್ಲ. ತಗ್ಗುವುದು ಹೇಗೆ? ಮಣ್ಣಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇರಲೇ ಇಲ್ಲ. ನಮ್ಮ ಬೋರ್‌ವೆಲ್ ನೀರು ಎಷ್ಟು ಗಡಸು ಅಂದರೆ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಇದ್ದ ಕ್ಯಾಲ್ಸಿಯಂ ಗಿಡದೊಳಗೆ ಏರುತ್ತಿರಲಿಲ್ಲ. ಗೊಬ್ಬರದ ಪೊಟ್ಯಾಷ್ ಬಹುಪಾಲು ನೀರಿನಲ್ಲಿ ಕರಗುವಂಥದ್ದು, ಕಳಿಯುವವರೆಗೆ ಕಾಯಬೇಕಿಲ್ಲ. ಅದು, ಅಮೋನಿಯಂ, ಎರಡೂ ಬೇರಿನ ಬಾಗಿಲಲ್ಲಿ ನೂಕುನುಗ್ಗಲು ಮಾಡಿ ಕ್ಯಾಲ್ಸಿಯಂ ಅನ್ನು ಹಿಂದಕ್ಕೆ ತಳ್ಳುತ್ತವೆ. ಮೂರನೆಯದು ಉಪ್ಪು. ಮಣ್ಣಿನಲ್ಲಿ ಉಪ್ಪು ಏರಿದರೆ ಬೇರು ನೀರೆಳೆಯುವುದು ಕಷ್ಟ. ಕ್ಯಾಲ್ಸಿಯಂ ಬರುವುದು ನೀರಿನ ಜೊತೆಯಲ್ಲೇ.

ಆಗ ಮಣ್ಣು ಪರೀಕ್ಷೆಗೆ ಕಳಿಸಿದೆವು. ಗೊಬ್ಬರ ಹಾಕುವ ಮೊದಲು ಇಸಿ, ಅಂದರೆ ಮಣ್ಣಿನ ಲವಣಾಂಶದ ಅಳತೆ, 0.2 ಇತ್ತು. ಈಗ ಗೊಬ್ಬರದ ಮಡಿಯಲ್ಲಿ 1.1. ಗೊಬ್ಬರ ಇಲ್ಲದ ಮಡಿಯಲ್ಲಿ 0.5. ಚೀಟಿಯಲ್ಲಿ 1ರ ಒಳಗೆ ಸಾಮಾನ್ಯ ಅಂತ ಅಚ್ಚಾಗಿರುತ್ತದೆ, 1.1 ಅದನ್ನು ಕೂದಲೆಳೆಯಷ್ಟೇ ದಾಟಿದೆ ಅಂತ ಚಿಕ್ಕಪ್ಪನಿಗೆ ಏನೂ ಅನಿಸಲಿಲ್ಲ. ಇಲ್ಲಿ ಒಂದು ಮೋಸ ಇದೆ. ನಮ್ಮ ಪ್ರಯೋಗಾಲಯಗಳಲ್ಲಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಸೇರಿಸಿ ಅಳೆಯುತ್ತಾರೆ. ನೀರು ಬೆರೆತಷ್ಟೂ ಅಂಕಿ ಸಣ್ಣದಾಗಿ ಕಾಣುತ್ತದೆ. ಬೆಳೆಗಳು ಎಷ್ಟು ಉಪ್ಪು ತಡೆಯುತ್ತವೆ ಅನ್ನುವ ಕೋಷ್ಟಕಗಳು ಮಾತ್ರ ನೀರು ಕುಡಿದು ತಣಿದ ಮಣ್ಣಿನಿಂದ ಹಿಂಡಿದ ರಸದ ಲೆಕ್ಕದಲ್ಲಿ ಇರುತ್ತವೆ. ಆ ಲೆಕ್ಕದಲ್ಲಿ ಇಸಿ 1.5 ದಾಟಿದರೆ ಮೆಣಸಿನಕಾಯಿ ಜಾತಿಯ ಇಳುವರಿ ಇಳಿಯಲು ಶುರುವಾಗುತ್ತದೆ, ಅಲ್ಲಿಂದ ಮುಂದೆ ಒಂದೊಂದು ಅಂಕಿಗೂ ಸುಮಾರು 14 ಶೇಕಡಾ. ಟೊಮೆಟೊ, ಸೌತೆಕಾಯಿ ಎರಡೂವರೆವರೆಗೆ ತಾಳುತ್ತವೆ. ನಮ್ಮ ಚೀಟಿಯ 1.1 ಆ ಲೆಕ್ಕಕ್ಕೆ ತಂದರೆ ಮೆಣಸಿನಕಾಯಿಯ ಗಡಿಯನ್ನು ಯಾವಾಗಲೋ ದಾಟಿತ್ತು.

ಎಲ್ಲ ಉಪ್ಪೂ ಗೊಬ್ಬರದ್ದಲ್ಲ. ಬೋರ್‌ವೆಲ್ ನೀರಿನ ಇಸಿ 1 ಇತ್ತು. ಅಂದರೆ ಲೀಟರಿಗೆ ಸುಮಾರು 640 ಮಿಲಿಗ್ರಾಂ ಲವಣ. ದಿನಕ್ಕೆ ಗಿಡಕ್ಕೆ ಒಂದೂವರೆ ಲೀಟರ್, ಒಟ್ಟು 4,000 ಲೀಟರ್ ಬಿಟ್ಟರೆ ದಿನಾ ಎರಡೂವರೆ ಕಿಲೋ ಲವಣ ಒಳಗೆ ಹೋಗುತ್ತದೆ. ನೂರು ದಿನಕ್ಕೆ ಐದು ಚೀಲ. ಅದೆಲ್ಲ ಅಡುಗೆ ಉಪ್ಪಲ್ಲ, ಅರ್ಧಕ್ಕರ್ಧ ಸುಣ್ಣದ ಜಾತಿ, ಮಣ್ಣಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಆದರೂ ಗೊಬ್ಬರ ಇಲ್ಲದ ಮಡಿಯೇ 0.5ಕ್ಕೆ ಏರಿದ್ದು ಈ ನೀರಿನಿಂದ ಮತ್ತು ಕರಗುವ ಗೊಬ್ಬರದಿಂದ.

ಹೊರಗೆ ನಮ್ಮ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುತ್ತದೆ. ಬರದ ನಾಡು ಅಂತ ನಾವೇ ಬೈದುಕೊಳ್ಳುತ್ತೇವೆ, ಆದರೆ ಆ ಮಳೆ ಪ್ರತಿ ವರ್ಷ ಹೊಲದ ಲವಣ ತೊಳೆದು ಕೆಳಗೆ ಇಳಿಸುತ್ತದೆ. ಪಾಲಿಹೌಸಿನೊಳಗೆ ಡ್ರಿಪ್ ಹನಿ ಒಂದು ಅಡಿ ಮಣ್ಣು ಒದ್ದೆ ಮಾಡಿ ನಿಲ್ಲುತ್ತದೆ. ನೀರು ಎಲೆಯ ಮೂಲಕ ಆರಿಹೋಗುತ್ತದೆ. ಲವಣ ಎಲ್ಲಿಗೆ ಹೋಗಬೇಕು? ಅಲ್ಲೇ ಕೂರುತ್ತದೆ. ಶೀಟು ಎತ್ತಿದಾಗ ಮಡಿಯ ಅಂಚಿನಲ್ಲಿ ಉಪ್ಪಿನ ಬಿಳಿ ಗೆರೆ ಎದ್ದಿತ್ತು.

ಆದರೆ ಫೆಬ್ರವರಿಯಲ್ಲಿ

ಇಷ್ಟು ಓದಿ ಗೊಬ್ಬರವೇ ಬೇಡ ಅನ್ನುವ ತೀರ್ಮಾನಕ್ಕೆ ಬಂದರೆ ನಾನು ಅರ್ಧ ಕಥೆ ಹೇಳಿದ ಹಾಗಾಗುತ್ತದೆ.

ಜನವರಿ ಕಳೆದು ಬಿಸಿಲು ಏರಿತು. ಆ ಹೊತ್ತಿಗೆ ಗೊಬ್ಬರ ಬಹುಮಟ್ಟಿಗೆ ಕಳಿತಿತ್ತು. ನಾವೂ ಡ್ರಿಪ್ಪಿನ ಗೊಬ್ಬರ ನಿಲ್ಲಿಸಿ ಬರೀ ನೀರು ಬಿಡುತ್ತಿದ್ದೆವು. ಮಧ್ಯಾಹ್ನ ಪಾಲಿಹೌಸ್ ಒಳಗೆ ನಿಲ್ಲುವುದಕ್ಕೆ ಆಗುತ್ತಿರಲಿಲ್ಲ. ಗೊಬ್ಬರ ಇಲ್ಲದ ಎರಡು ಮಡಿಯ ಗಿಡಗಳು ಹನ್ನೊಂದು ಗಂಟೆಗೇ ಜೋಲು ಬೀಳುತ್ತಿದ್ದವು. ಆ ಮಡಿಯ ಕೆಂಪು ಮಣ್ಣು ಇಟ್ಟಿಗೆಯಾಗಿತ್ತು. ಡ್ರಿಪ್ಪಿನ ನೀರು ಒಳಗೆ ಇಳಿಯದೆ ಪಕ್ಕಕ್ಕೆ ಹರಿದು ದಾರಿಗೆ ಸೇರುತ್ತಿತ್ತು. ಗೊಬ್ಬರದ ಮಡಿಗೆ ಕೈ ಹಾಕಿದರೆ ಮಣ್ಣು ಪುಡಿಪುಡಿ, ಬೆರಳು ಸಲೀಸಾಗಿ ಇಳಿಯುತ್ತಿತ್ತು. ನೀರು ಹಿಡಿದುಕೊಂಡಿತ್ತು, ಎರೆಹುಳ ಸಿಕ್ಕಿದವು. ಗಿಡ ಸಂಜೆವರೆಗೆ ನೆಟ್ಟಗೆ ನಿಲ್ಲುತ್ತಿತ್ತು. ಕೊನೆಯ ಎರಡು ತಿಂಗಳ ಕೊಯ್ಲಿನಲ್ಲಿ ಒಳ್ಳೆ ಕಾಯಿ ಬಂದದ್ದು ಗೊಬ್ಬರದ ಮಡಿಗಳಿಂದಲೇ. ಆ ಎರಡು ಮಡಿ ಮಾರ್ಚಿನಲ್ಲೇ ಕೈಬಿಟ್ಟೆವು.

ಅಂದರೆ ಒಂದೇ ಗೊಬ್ಬರ ಆಗಸ್ಟಿನಲ್ಲಿ ಕೊಂದಿತು, ಅಕ್ಟೋಬರಿನಲ್ಲಿ ಕೊಬ್ಬಿಸಿತು, ನವೆಂಬರಿನಲ್ಲಿ ಕಾಯಿ ಕೆಡಿಸಿತು, ಫೆಬ್ರವರಿಯಲ್ಲಿ ಕಾಪಾಡಿತು. ನಾವು ಹಾಕಿದ್ದು ಬದಲಾಗಲಿಲ್ಲ, ಅದು ಮಾಗಿತು. ಫೆಬ್ರವರಿಯ ಗೊಬ್ಬರವನ್ನೇ ಜುಲೈನಲ್ಲಿ ಹಾಕಿದ್ದರೆ? ನನ್ನ ಮಟ್ಟಿಗೆ ಇಡೀ ಪ್ರಕರಣದ ಪ್ರಶ್ನೆ ಇದೇ. ಎಷ್ಟು ಲೋಡು ಅನ್ನುವುದು ಆಮೇಲಿನ ಮಾತು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಆ ಎರಡು ಮಡಿ ಪಾಲಿಹೌಸಿನ ಅಂಚಿನಲ್ಲಿದ್ದವು. ಅಂಚಿನಲ್ಲಿ ಗಾಳಿ ಜಾಸ್ತಿ, ಸಂಜೆ ಬಿಸಿಲು ಜಾಸ್ತಿ. ವಿಜ್ಞಾನಿಗಳು ಪ್ರಯೋಗ ಮಾಡುವಾಗ ಹೀಗೆ ಒಂದೇ ಮೂಲೆಗೆ ತಳ್ಳುವುದಿಲ್ಲ. ನಮ್ಮದು ದುಡ್ಡು ಮುಗಿದು ಆದ ಪ್ರಯೋಗ.

ಬೇರಿನ ಗಂಟು

ಏಪ್ರಿಲ್ ಮೊದಲ ವಾರ ಗಿಡ ಕಿತ್ತೆವು. ಬೇರು ನೋಡಿ ಎದೆ ಧಸಕ್ ಅಂತು. ಐದಾರು ಮಡಿಯಲ್ಲಿ ಅಲ್ಲಲ್ಲಿ ಬೇರಿನ ತುಂಬ ಗಂಟು, ಅರಿಶಿನದ ಕೊಂಬಿನ ಹಾಗೆ. ನೆಮಟೋಡು, ಬೇರುಗಂಟು ಜಂತುಹುಳು. ಬರಿಗಣ್ಣಿಗೆ ಕಾಣುವುದಿಲ್ಲ, ಬೆಚ್ಚಗಿನ ಮಣ್ಣಿನಲ್ಲಿ ತಿಂಗಳೊಳಗೆ ಒಂದು ತಲೆಮಾರು ಮುಗಿಸುತ್ತದೆ. ಪಾಲಿಹೌಸಿನಲ್ಲಿ ಚಳಿಗಾಲವೂ ಇಲ್ಲ, ಬಿಡುವೂ ಇಲ್ಲ, ವರ್ಷವಿಡೀ ಅದಕ್ಕೆ ಹಬ್ಬ.

ಎಲ್ಲಿಂದ ಬಂತು? ಸಸಿಯಿಂದ ಬಂದಿದ್ದರೆ 20 ಮಡಿಯಲ್ಲೂ ಇರಬೇಕಿತ್ತು. ಟ್ರೇ ಒಂದೇ ನರ್ಸರಿಯದು. ಗೊಬ್ಬರ ಇಲ್ಲದ ಎರಡು ಮಡಿಯಲ್ಲಿ ಗಂಟು ಸಿಗಲಿಲ್ಲ. ಜಮೀನಿನಲ್ಲಿ ಹಿಂದೆ ತರಕಾರಿ ಬೆಳೆದಿರಲಿಲ್ಲ. ಆಗ ನನಗೆ ಲೋಡು ಇಳಿಸುವಾಗ ಕಂಡ ಒಂದು ವಸ್ತು ನೆನಪಾಯಿತು. ಗೊಬ್ಬರದಲ್ಲಿ ಪ್ಲಾಸ್ಟಿಕ್ ದಾರದ ತುಂಡುಗಳಿದ್ದವು. ಕೂಲಿಯವರು ಕಾಲಿಗೆ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಬೈದುಕೊಂಡು ಆರಿಸಿ ಎಸೆದಿದ್ದರು. ಅದು ಟೊಮೆಟೊ ಗಿಡವನ್ನು ಕಡ್ಡಿಗೆ ಎಳೆದು ಕಟ್ಟುವ ದಾರ. ಅಂದರೆ ಆ ತಿಪ್ಪೆಗೆ ಟೊಮೆಟೊ ಗಿಡಗಳನ್ನು ಬೇರು ಸಮೇತ ಕಿತ್ತು ಹಾಕಿದ್ದಾರೆ. ಟೊಮೆಟೊ ಬೇರಿನ ಗಂಟು, ಅದಕ್ಕೆ ಅಂಟಿದ ಮಣ್ಣು, ಎಲ್ಲ ಸೇರಿ ಲೋಡಿನಲ್ಲಿ ಬಂದಿದೆ. ಚೆನ್ನಾಗಿ ಕಾವು ಬಂದು ಕಳಿತ ತಿಪ್ಪೆಯಾಗಿದ್ದರೆ ಸತ್ತಿರುತ್ತಿತ್ತು. ಇದು ಹಸಿ.

ಸಾಬೀತಾಯಿತು ಅಂತ ಹೇಳಲಾರೆ. ಟ್ರ್ಯಾಕ್ಟರಿನ ಚಕ್ರದಲ್ಲೂ ಬರುತ್ತದೆ, ಕೂಲಿಯವರ ಕಾಲಿನ ಮಣ್ಣಿನಲ್ಲೂ ಬರುತ್ತದೆ. ಆ ಎರಡು ಮಡಿ ಬಾಗಿಲಿನಿಂದ ದೂರ ಇದ್ದವು ಅನ್ನುವುದೂ ನಿಜ. ಆದರೂ ನನ್ನ ಅನುಮಾನ ಆ ದಾರದ ಮೇಲೇ.

ಸರಿಪಡಿಸಿದ್ದು

ಎರಡನೇ ಬೆಳೆಗೆ ಫೆಬ್ರವರಿಯಲ್ಲೇ ತಯಾರಿ ಶುರುವಾಯಿತು. ಈ ಸಲ ಎರಡೇ ಲೋಡು. ತಂದವರ ತಿಪ್ಪೆಯನ್ನು ಚಿಕ್ಕಮ್ಮ ತಾವೇ ಹೋಗಿ ನೋಡಿ ಬಂದರು. ಹೊಂಗೆ ಮರದ ನೆರಳಿನಲ್ಲಿ ಎದೆ ಎತ್ತರ ರಾಶಿ ಹಾಕಿದೆವು. ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು, ಅಷ್ಟು ತೇವ. ಹದಿನೈದು ದಿನಕ್ಕೊಮ್ಮೆ ಹೊರಗಿನದು ಒಳಗೆ, ಒಳಗಿನದು ಹೊರಗೆ ಬರುವ ಹಾಗೆ ಮಗುಚಿದೆವು. ಕಾವು 55 ಡಿಗ್ರಿ ದಾಟಿದರೆ ಜಂತುಹುಳು, ಕಳೆ ಬೀಜ ಸಾಯುತ್ತವೆ. ಆದರೆ ಆ ಕಾವು ಇರುವುದು ರಾಶಿಯ ಹೊಟ್ಟೆಯಲ್ಲಿ ಮಾತ್ರ. ಮಗುಚದಿದ್ದರೆ ಹೊರಮೈಯಲ್ಲಿ ಇರುವುದು ಆರಾಮಾಗಿ ಬದುಕಿರುತ್ತದೆ. ನಮ್ಮ ಹಳ್ಳಿಯ ತಿಪ್ಪೆಗಳನ್ನು ವರ್ಷಗಟ್ಟಲೆ ಯಾರೂ ಮಗುಚುವುದಿಲ್ಲ ಅನ್ನುವುದನ್ನು ಇಲ್ಲಿ ನೆನೆಸಿಕೊಳ್ಳಬೇಕು.

ಮಾಗಿದೆಯೋ ಇಲ್ಲವೋ ಅಂತ ನೋಡಲು ಯಂತ್ರ ಬೇಡ. ಹಾರೆಯನ್ನು ರಾಶಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆದು ಮುಟ್ಟಿ. ಬಿಸಿ ಇದ್ದರೆ ಇನ್ನೂ ಕೆಲಸ ನಡೆಯುತ್ತಿದೆ. ಒಂದು ಹಿಡಿ ಒದ್ದೆ ಗೊಬ್ಬರವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ ಎರಡು ದಿನ ಇಡಿ. ಬಿಚ್ಚಿದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಸರಿ, ಮೂಗು ಮುಚ್ಚಿಕೊಳ್ಳುವ ಹಾಗಿದ್ದರೆ ಬೇಡ. ಮೂರನೆಯದು ಚಿಕ್ಕಮ್ಮ ಮಾಡಿದ್ದು: ಒಂದು ಕುಂಡದಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಅರ್ಧ ಗೊಬ್ಬರ, ಎರಡಕ್ಕೂ ಮೂಲಂಗಿ ಬೀಜ. ಗೊಬ್ಬರದ ಕುಂಡದಲ್ಲಿ ಮೊಳಕೆ ಕಡಿಮೆ ಬಂದರೆ, ಎಲೆ ಸುಟ್ಟರೆ, ಇನ್ನೂ ಕಾಯಿರಿ ಅಂತ ಅರ್ಥ. ಮೊದಲ ಸಲ ನಾಲ್ಕು ದಿನದ ಈ ಕೆಲಸ ಮಾಡಿದ್ದರೆ 400 ಸಸಿಯ ದುಡ್ಡು ಉಳಿಯುತ್ತಿತ್ತು.

ಉಪ್ಪು ತೊಳೆಯುವುದು ದೊಡ್ಡ ಕೆಲಸ. ಒಂದು ಅಡಿ ಮಣ್ಣಿನ ಅರ್ಧ ಉಪ್ಪು ಕೆಳಗೆ ಇಳಿಸಲು ಸುಮಾರು ಅರ್ಧ ಅಡಿ, ಅಂದರೆ 15 ಸೆಂಟಿಮೀಟರ್ ನೀರು ಬೇಕು. 600 ಚದರ ಮೀಟರ್ ಮಡಿಗೆ 90,000 ಲೀಟರ್. ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಕೊಳಕು ಬಟ್ಟೆಯಲ್ಲಿ ನೆಲ ಒರೆಸಿದ ಹಾಗೆ. ಪಕ್ಕದಲ್ಲೇ ಕೃಷಿ ಹೊಂಡ ಇತ್ತು. ಪಾಲಿಹೌಸಿನ ಚಾವಣಿಗೆ ಬೀಳುವ ಒಂದು ಮಿಲಿಮೀಟರ್ ಮಳೆ ಅಂದರೆ 1,000 ಲೀಟರ್. ವರ್ಷದ 700 ಮಿಲಿಮೀಟರ್ ಹಿಡಿದರೆ ಏಳು ಲಕ್ಷ. ಅಷ್ಟೂ ಹಿಡಿಯಲು ಹೊಂಡಕ್ಕೆ ಜಾಗ ಇಲ್ಲ, ಆದರೂ ತೊಳೆಯುವಷ್ಟು ಇತ್ತು. ಒಳಗೆ ಬೀಳದಂತೆ ನಾವೇ ಲಕ್ಷಗಟ್ಟಲೆ ಖರ್ಚು ಮಾಡಿ ತಡೆದ ಮಳೆಯನ್ನು ಪಂಪ್ ಹಾಕಿ ಮತ್ತೆ ಒಳಗೆ ಬಿಟ್ಟೆವು. ಒಂದೇ ಸಲ ಅಲ್ಲ, ಎರಡು ದಿನ ಬಿಟ್ಟು ಎರಡು ದಿನ, ನಿಧಾನವಾಗಿ. ಇಸಿ 0.5ಕ್ಕೆ ಇಳಿಯಿತು.

ಇದರಲ್ಲಿ ಒಂದು ಅಳುಕು ನನಗಿದೆ. ಉಪ್ಪಿನ ಜೊತೆ ನೈಟ್ರೇಟೂ ಕೆಳಗೆ ಹೋಯಿತು. ಹೋಗುವುದು ಎಲ್ಲಿಗೆ? ನಾವು ಕುಡಿಯುವ ಬೋರ್‌ವೆಲ್ಲಿನ ಕಡೆಗೇ. ಜಾಸ್ತಿ ಹಾಕಿ ಆಮೇಲೆ ತೊಳೆಯುವುದು ಪರಿಹಾರ ಅಲ್ಲ, ಒಂದು ಸಲದ ಪ್ರಾಯಶ್ಚಿತ್ತ.

ತೊಳೆದ ಒದ್ದೆ ನೆಲಕ್ಕೆ ಏಪ್ರಿಲ್, ಮೇ ಬಿಸಿಲಿನಲ್ಲಿ ಪಾರದರ್ಶಕ ಶೀಟು ಹೊದಿಸಿ ಆರು ವಾರ ಬಿಟ್ಟೆವು, ಪರದೆ ಇಳಿಸಿ. ಬಿಸಿಲಿನಲ್ಲೇ ಮಣ್ಣು ಬೇಯುವ ಈ ಕ್ರಮದಿಂದ ಮೇಲಿನ ಪದರದ ಜಂತುಹುಳು, ಬುಡ ಕೊಳೆಸುವ ಶಿಲೀಂಧ್ರ ಬಹಳಷ್ಟು ಸಾಯುತ್ತವೆ. ಆಳದಲ್ಲಿ ಇರುವುದು ಉಳಿಯುತ್ತದೆ. ಅದಕ್ಕೇ ಗೊಬ್ಬರದ ಜೊತೆ ಕಾವಲುಗಾರರನ್ನೂ ಕಳಿಸಿದೆವು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳುವ ಕ್ರಮ ಇದು: ಒಂದು ಟನ್ ಮಾಗಿದ ಗೊಬ್ಬರಕ್ಕೆ ಟ್ರೈಕೋಡರ್ಮಾ, ಸೂಡೊಮೊನಾಸ್, ಪೆಸಿಲೋಮೈಸಿಸ್ ಅನ್ನುವ ಉಪಕಾರಿ ಸೂಕ್ಷ್ಮಜೀವಿಗಳನ್ನು ತಲಾ 2 ಕಿಲೋ ಬೆರೆಸಿ, ನೆರಳಿನಲ್ಲಿ ತೇವ ಆರದ ಹಾಗೆ ಹದಿನೈದು ದಿನ ಇಟ್ಟು, ಆಮೇಲೆ ಮಡಿಗೆ ಹಾಕುವುದು. ಹಸಿ ಗೊಬ್ಬರಕ್ಕೆ ಬೆರೆಸಿದರೆ ಅದರ ಕಾವಿಗೆ ಇವೇ ಸಾಯುತ್ತವೆ. ಜೊತೆಗೆ ಬೇವಿನ ಹಿಂಡಿ.

ಎರಡು ಲೋಡು ಕುಗ್ಗಿ ಅರ್ಧಕ್ಕರ್ಧ ಆಗಿತ್ತು, ಎರಡೂವರೆ ಟನ್. ಈ ಸಲ ನೆಲಕ್ಕೆ ಚೆಲ್ಲಲಿಲ್ಲ, ಮಡಿಗೇ ಹಾಕಿದೆವು. ಚದರ ಮೀಟರಿಗೆ 4 ಕಿಲೋ ಚಿಲ್ಲರೆ. ಕೈಪಿಡಿಯ 20 ಕಿಲೋ ಎಲ್ಲಿ, ಇದೆಲ್ಲಿ ಅಂತ ನೀವು ಕೇಳಬಹುದು. ಸತ್ವವಿಲ್ಲದ ಹೊಸ ನೆಲಕ್ಕೆ ಮೊದಲ ಸಲ ಪೂರ್ತಿ ಮಾಗಿದ ಗೊಬ್ಬರ ಅಷ್ಟು ಹಾಕಿದರೆ ನನ್ನ ತಕರಾರಿಲ್ಲ. ಪ್ರತಿ ಬೆಳೆಗೂ ಅಷ್ಟೇ ಹಾಕುವುದಕ್ಕೆ ತಕರಾರಿದೆ. ಸ್ಪೇನಿನ ಅಲ್ಮೇರಿಯಾದಲ್ಲಿ 30,000 ಹೆಕ್ಟೇರಿಗೂ ಜಾಸ್ತಿ ಪ್ಲಾಸ್ಟಿಕ್ ಮನೆಗಳಿವೆ. ಅಲ್ಲಿನ ಹಳೇ ಕ್ರಮದಲ್ಲಿ ಮಣ್ಣಿನ ಮೇಲೆ ಗೊಬ್ಬರದ ತೆಳು ಪದರ ಹಾಸಿ, ಅದರ ಮೇಲೆ ಸುಮಾರು 10 ಸೆಂಟಿಮೀಟರ್ ಮರಳು ಮುಚ್ಚುತ್ತಾರೆ. ಹೊಸ ಗೊಬ್ಬರ ಕೊಡುವುದು ಕೆಲವು ವರ್ಷಕ್ಕೊಮ್ಮೆ, ಮರಳು ಸರಿಸಿ. ಮರಳು ಇರುವುದರಿಂದ ತೇವ ಮೇಲಿಂದ ಆರುವುದು ಕಡಿಮೆ, ಉಪ್ಪು ಮೇಲೇರುವುದೂ ಕಡಿಮೆ. ನಮಗೆ ಅಷ್ಟು ಮರಳು ಎಲ್ಲಿಂದ ಬರಬೇಕು? ಆದರೆ ಗೊಬ್ಬರಕ್ಕೆ ವರ್ಷಗಳ ಲೆಕ್ಕ ಇಡಬೇಕು ಅನ್ನುವುದು ಅಲ್ಲಿಂದ ಕಲಿಯಬಹುದಾದ ಮಾತು.

ಡ್ರಿಪ್ಪಿನ ಪಟ್ಟಿಯನ್ನೂ ತಿದ್ದಿದೆವು. ಗೊಬ್ಬರದಿಂದ ಬರುವ ಸಾರಜನಕ, ಪೊಟ್ಯಾಷ್ ಕಳೆದು ಉಳಿದದ್ದಷ್ಟೇ. ಮೊದಲ ತಿಂಗಳು ಬರೀ ನೀರು. ಪೆನ್ನಿನ ಹಾಗಿರುವ ಇಸಿ ಮೀಟರ್ ಒಂದು ತಂದು ಚಿಕ್ಕಮ್ಮನ ಕೈಗೆ ಕೊಟ್ಟೆ. ಪ್ರತಿ ತಿಂಗಳ ಒಂದನೇ ತಾರೀಕು ಅವರು ಮೂರು ಮಡಿಯ ಮಣ್ಣು ಕಲಸಿ ನೋಡಿ ಕ್ಯಾಲೆಂಡರಿನ ಮೇಲೆ ಬರೆಯುತ್ತಾರೆ, ಹಾಲಿನ ಲೆಕ್ಕದ ಪಕ್ಕದಲ್ಲಿ.

ಎರಡನೇ ಬೆಳೆಯಲ್ಲಿ ಸಸಿ ಸಾಯಲಿಲ್ಲ. ಎಲೆ ನೋಡಿ ಯಾರೂ ಫೋಟೊ ತೆಗೆದುಕೊಳ್ಳಲಿಲ್ಲ. ಕಪ್ಪು ತುದಿಯ ಕಾಯಿ ಇತ್ತು, ಕ್ರೇಟು ಪಕ್ಕಕ್ಕೆ ಇಡುವಷ್ಟು ಅಲ್ಲ. ಗಿಡ ಕಿತ್ತಾಗ ಬೇರಿನಲ್ಲಿ ಗಂಟು ಮತ್ತೆ ಸಿಕ್ಕಿತು, ಎರಡು ಮಡಿಯಲ್ಲಿ. ಒಮ್ಮೆ ಒಳಗೆ ಬಂದ ನೆಮಟೋಡು ಪೂರ್ತಿ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಂತು ಕಟ್ಟಿದೆವು.

ಈ ವರ್ಷ ನಾನು ಒಂದು ಮಡಿಯನ್ನು ಬೇಕೆಂದೇ ಗೊಬ್ಬರ ಇಲ್ಲದೆ ಬಿಡಿಸಿದ್ದೇನೆ, ಅಂಚಿನಲ್ಲಿ ಅಲ್ಲ, ನಟ್ಟನಡುವೆ. ಚಿಕ್ಕಪ್ಪನಿಗೆ ಅದು ಹಿಡಿಸಿಲ್ಲ. ಮೊನ್ನೆ ಹೋದಾಗ ಆ ಮಡಿಯ ತುದಿಯಲ್ಲಿ ಎರಡು ಬುಟ್ಟಿಯಷ್ಟು ಗೊಬ್ಬರ ಬಿದ್ದಿತ್ತು. ಯಾರು ಹಾಕಿದ್ದು ಅಂತ ಕೇಳಿದರೆ ಇಬ್ಬರೂ ಮಾತಾಡಲಿಲ್ಲ.